ಕಿಟಕಿಯೊಳಗೆ ಹೋದ ಟವೆಲ್

ನಾನು ಯಾವ ಕೆಲಸವನ್ನೇ ಆಗಲಿ ಬುದ್ಧಿಗೆ ಒಪ್ಪಿಸಿ ಮಾಡುವವನು. ಈ ಮಾತನ್ನು ಹೆಂಡತಿಯ ಮುಂದೆ ಹೇಳಿದರೆ ಅವಳು ನಗುತ್ತಾಳೆ, ಆದ್ದರಿಂದ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಸುರಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನಿಗೆ ಇಷ್ಟು ಜಂಬವೂ ಇರದಿದ್ದರೆ ಹೇಗೆ? ಆದರೆ ಸಂಜೆ ರಂಗಂಪೇಟೆಯ ಮೂಲೆಯಲ್ಲಿ ಕಡಾಯಿಯಿಂದ ಬಿಸಿ ಮಿರ್ಚಿ ಎತ್ತುವ ಹೊತ್ತಿಗೆ ಆ ಬುದ್ಧಿ ಎಲ್ಲಿ ಹೋಗಿರುತ್ತದೆ ಎಂಬುದನ್ನು ಇಲ್ಲಿಯವರೆಗೂ ಪತ್ತೆ ಹಚ್ಚಲು ಆಗಿಲ್ಲ. ಡಾಕ್ಟರು ಎಣ್ಣೆಯ ಪದಾರ್ಥ ಬೇಡ ಎಂದಿದ್ದಾರೆ. ನಾನೂ ಬೇಡವೆಂದೇ ನಿಶ್ಚಯಿಸಿ, ಆ ರಸ್ತೆ ಬಿಟ್ಟು ಹಿಂದಿನ ಓಣಿ ಹಿಡಿಯುತ್ತೇನೆ. ಹಿಂದಿನ ಓಣಿಯೂ ಸುತ್ತಿ ಬಳಸಿ ಅದೇ ಮೂಲೆಗೆ ಬರುತ್ತದೆ ಎಂಬುದು ಈ ಊರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಗೊತ್ತಿಲ್ಲದ್ದೇನಲ್ಲ. ಮಿರ್ಚಿ ಕೈಗೆ ಬಂದ ಮೇಲೆ ಬುದ್ಧಿ ನಿಧಾನವಾಗಿ ಬರುತ್ತದೆ. ಬಂದದ್ದು ಬೈಯುವುದಿಲ್ಲ, ಮೆಣಸಿನಕಾಯಿ ಕಣ್ಣಿಗೆ ಒಳ್ಳೆಯದು ಎಂದು ನನ್ನ ಪರವಾಗಿಯೇ ವಕಾಲತ್ತು ವಹಿಸುತ್ತದೆ.

ಹಿರಿಯರು ದೇಹವನ್ನು ರಥವೆಂದರು, ಬುದ್ಧಿಯನ್ನು ಸಾರಥಿ ಎಂದರು, ಮನಸ್ಸನ್ನು ಅವನ ಕೈಯ ಲಗಾಮು ಎಂದರು. ಅವರ ಕಾಲಕ್ಕೆ ಅದು ಸರಿ ಇದ್ದೀತು. ಹಿರಿಯರು ನಮ್ಮ ಸುರಪುರ ಬಸ್ ಸ್ಟ್ಯಾಂಡಿನಲ್ಲಿ ಒಂದು ಮುಂಜಾನೆ ನಿಂತಿದ್ದರೆ ಬೇರೆ ರೀತಿ ಹೇಳುತ್ತಿದ್ದರೇನೋ. ನನ್ನ ಪ್ರಕಾರ ಬುದ್ಧಿ ಡ್ರೈವರ್, ಮನಸ್ಸು ಕಂಡಕ್ಟರ್. ಸ್ಟೀರಿಂಗು, ಬ್ರೇಕು, ಹಾರ್ನು ಎಲ್ಲ ಡ್ರೈವರನ ಕೈಯಲ್ಲೇ ಇವೆ. ಅವನಿಗೆ ದಾರಿಯೂ ಗೊತ್ತು, ಗುಂಡಿಗಳೂ ಗೊತ್ತು. ಆದರೆ ಹಿಂದಿನಿಂದ ಕಂಡಕ್ಟರ್ 'ರೈಟ್ ರೈಟ್' ಎನ್ನುವವರೆಗೆ ಗಾಡಿ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಈ ತತ್ತ್ವವನ್ನು ನಾನು ಕಂಡುಕೊಂಡದ್ದು ಈಚೆಗೆ, ಅದೂ ಒಂದು ಟವೆಲ್ ಕಳೆದುಕೊಂಡು. ಆ ಸುದ್ದಿಯನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅನ್ನ ಇಳಿಯುವಂತಿಲ್ಲ.

ನನ್ನ ಹೆಂಡತಿ ಮಹಾದೇವಿಗೆ ಒಬ್ಬಳೇ ಅಕ್ಕ, ನೀಲಕ್ಕ. ರಾಯಚೂರಿನಲ್ಲಿ ಮನೆ. ಅಕ್ಕತಂಗಿಯರು ದಿನಕ್ಕೊಂದು ಸಲ ಫೋನಿನಲ್ಲಿ ಮಾತಾಡದಿದ್ದರೆ ಇಬ್ಬರ ಮನೆಯಲ್ಲೂ ಸಾರಿಗೆ ಉಪ್ಪು ತಪ್ಪುತ್ತಿತ್ತು. ಅಂಥವರು ಎರಡು ವರ್ಷ ಮಾತು ಬಿಟ್ಟರು. ಕಾರಣ ಹೇಳಿದರೆ ದಕ್ಷಿಣದ ಕಡೆಯವರು ನಕ್ಕಾರು, ನಮ್ಮ ಕಡೆಯವರು ಮಾತ್ರ ಗಂಭೀರವಾಗಿ ತಲೆ ಆಡಿಸುತ್ತಾರೆ. ನೀಲಕ್ಕ ತನ್ನ ಮಗನ ಮದುವೆಗೆ ತಂಗಿಯನ್ನು ಫೋನಿನಲ್ಲಿ ಕರೆದಳು. ನಮ್ಮಲ್ಲಿ ಬೀಗರನ್ನಾಗಲಿ ಒಡಹುಟ್ಟಿದವರನ್ನಾಗಲಿ ಕರೆಯಬೇಕಾದರೆ ಮನೆಗೆ ಬಂದು, ಹಣೆಗೆ ಕುಂಕುಮ ಹಚ್ಚಿ, ಕೈಗೆ ಕಾಯಿ ಕೊಟ್ಟು ಕರೆಯಬೇಕು. ನೀಲಕ್ಕನಿಗೆ ಅವಸರ, ಮನೆ ತುಂಬ ಕೆಲಸ, ಬರಲಾಗಲಿಲ್ಲ. ಪತ್ರಿಕೆಯನ್ನು ಮೊಬೈಲಿಗೆ ಹಾಕಿದಳು.

"ಓಣಿ ಮಂದಿಗೂ ಮೊಬೈಲಿನ್ಯಾಗ ಹಾಕ್ಯಾಳ, ಒಡಹುಟ್ಟಿದಾಕಿಗೂ ಮೊಬೈಲಿನ್ಯಾಗ ಹಾಕ್ಯಾಳ. ನಾ ಬರಂಗಿಲ್ಲ" ಎಂದಳು ಮಹಾದೇವಿ. ಮದುವೆಯ ದಿನ ಬಾಗಿಲು ಹಾಕಿಕೊಂಡು ಮಲಗಿದಳು. ನೀಲಕ್ಕನ ವಾದವೂ ನಮಗೆ ಬಂದು ಮುಟ್ಟಿತು. "ಸ್ವಂತ ತಂಗಿಗಿ ಕರಿಯೋದ್ ಬ್ಯಾರೆ ಬೇಕೇನು? ಅಕಿ ಮುಂದ ನಿಂತು ಮಾಡ್ಬೇಕಾಗಿತ್ತು" ಎಂದಳಂತೆ. ಇಬ್ಬರ ಮಾತೂ ಖರೆ. ಗಣಿತದಲ್ಲಿ ಒಂದು ಲೆಕ್ಕಕ್ಕೆ ಎರಡು ಉತ್ತರ ಬಂದರೆ ಎರಡನ್ನೂ ಬರೆದು ಅಂಕ ತೆಗೆದುಕೊಳ್ಳಬಹುದು, ಅಕ್ಕತಂಗಿಯರಲ್ಲಿ ಹಾಗಲ್ಲ. ನಾನು ನಡುವೆ ಹೋಗಿ, ಕರೆಯುವುದರ ಉದ್ದೇಶ ಸುದ್ದಿ ಮುಟ್ಟಿಸುವುದು, ಸುದ್ದಿ ಮುಟ್ಟಿದೆ, ಆದ್ದರಿಂದ ಕರೆದಂತಾಯಿತು ಎಂದು ಹಂತ ಹಂತವಾಗಿ ಸಾಧಿಸಿ ತೋರಿಸಿದೆ. ಅವತ್ತು ಸಂಜೆ ನನಗೆ ಚಹಾ ಸಿಗಲಿಲ್ಲ.

ಹೀಗಿರುವಾಗ ಪುಣೆಯಿಂದ ನೀಲಕ್ಕನ ಮಗಳು ಸುಧಾ ಫೋನು ಮಾಡಿದಳು. ಅವಳಿಗೆ ದಿನ ತುಂಬಿದ್ದವು. "ಚಿಗವ್ವಾ, ನನ್ನ ಬಾಣಂತನಕ್ಕ ಅವ್ವ ಬರಾಕತ್ತಾಳ. ನಾಡಿದ್ದು ಮಧ್ಯಾಹ್ನ ಅಕಿ ರೈಲು ಯಾದಗೀರಿನ್ಯಾಗ ನಿಂದರ್ತದ. ನಾ ಹೇಳೀನಂತ ಹೇಳಬ್ಯಾಡ್ರಿ ಮತ್ತ" ಎಂದು ಬೋಗಿಯ ನಂಬರನ್ನೂ ಹೇಳಿ ಇಟ್ಟುಬಿಟ್ಟಳು. ರೈಲು ಯಾದಗಿರಿಯಲ್ಲಿ ನಿಲ್ಲುವುದು ಎರಡೇ ನಿಮಿಷ. ನೀಲಕ್ಕ ಹೋದರೆ ಕೂಸಿಗೆ ಕತ್ತು ನಿಲ್ಲುವವರೆಗೆ ತಿರುಗಿ ಬರುವವಳಲ್ಲ. ಈ ಎರಡು ನಿಮಿಷ ತಪ್ಪಿದರೆ ಮುನಿಸು ಇನ್ನೂ ನಾಲ್ಕಾರು ತಿಂಗಳು ಹಳೆಯದಾಗುತ್ತದೆ, ಮುನಿಸಾದರೋ ಉಪ್ಪಿನಕಾಯಿಯ ಹಾಗೆ, ಹಳೆಯದಾದಷ್ಟೂ ಒಳಗೆ ಇಳಿಯುತ್ತದೆ.

"ಹೋಗೋಣೇನು?" ಎಂದೆ.

"ನಾ ಯಾಕ ಹೋಗ್ಲಿ? ಅಕಿ ಹೊಂಟ್ರ ಅಕಿ ಹೋಗ್ಲಿ."

ಸರಿ, ತೀರ್ಮಾನವಾಯಿತು ಎಂದುಕೊಂಡೆ. ಮರುದಿನ ಅಡುಗೆಮನೆಯಿಂದ ಪಟಪಟ ಸದ್ದು ಬಂತು. ಇಣುಕಿದರೆ ಮಹಾದೇವಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಳೆ, ಎಳ್ಳು ಹಚ್ಚಿ. ಪಕ್ಕದಲ್ಲಿ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟಿದೆ. ಅಗಸೆ ಹುರಿದ ವಾಸನೆ ಪಡಸಾಲೆಯವರೆಗೆ ಬಂದಿದೆ. ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ನಮ್ಮ ಮನೆಯಲ್ಲಿ ಯಾರೂ ಹೆಚ್ಚು ತಿನ್ನುವುದಿಲ್ಲ, ನೀಲಕ್ಕನಿಗೆ ಅದೆಂದರೆ ಪ್ರಾಣ. "ಯಾರಿಗೆ ಇಷ್ಟೆಲ್ಲ?" ಎಂದು ಕೇಳಿದೆ.

"ಯಾರಿಗೂ ಇಲ್ಲ. ಹಿಟ್ಟು ಉಳದಿತ್ತು, ಬಡ್ಯಾಕತ್ತೀನಿ. ನಾ ಏನ್ ಹೋಗಂಗಿಲ್ಲ."

ಬಾಯಿ ಹೋಗುವುದಿಲ್ಲ ಎನ್ನುತ್ತಿತ್ತು, ಕೈ ಆಗಲೇ ಬುತ್ತಿ ಕಟ್ಟುತ್ತಿತ್ತು. ನನಗೆ ಅದನ್ನು ನೋಡಿ ಎಷ್ಟು ಸಂತೋಷವಾಯಿತೆಂದರೆ, ಬಾಯಿ ಮುಚ್ಚಿಕೊಂಡು ಹೊರಗೆ ಬಂದು ರೈಲಿನ ವೇಳೆ ಮತ್ತೊಮ್ಮೆ ನೋಡಿದೆ. ನಮ್ಮ ಜೀವನದ ದೊಡ್ಡ ದೊಡ್ಡ ನಿರ್ಧಾರಗಳೆಲ್ಲ ಹೀಗೆಯೇ ಆಗಿರಬೇಕು. ತಲೆ ಇನ್ನೂ ಸಭೆ ಕರೆದು ಠರಾವು ಓದುತ್ತಿರುವಾಗ ಕೈ ಎದ್ದು ಕೆಲಸಕ್ಕೆ ಹೋಗಿರುತ್ತದೆ.

ಮರುದಿನ ಮುಂಜಾನೆ ಸುರಪುರ ಬಸ್ ಸ್ಟ್ಯಾಂಡ್. ಇಲ್ಲಿ ನನ್ನ ಟವೆಲ್ಲಿನ ಪರಿಚಯ ಮಾಡಿಸಬೇಕು. ಬಿಳಿಯದು, ಕೆಂಪಂಚಿನದು, ಮೂವತ್ತು ವರ್ಷ ಹೆಗಲಿನ ಮೇಲೆ ಒಂದಿಲ್ಲ ಒಂದು ಅಂಥದೇ ಟವೆಲ್ ಇದ್ದುದರಿಂದ ಅದಿಲ್ಲದೆ ನನ್ನನ್ನು ನನ್ನ ಶಿಷ್ಯರು ಗುರುತಿಸಲಾರರು. ಮುಖ ಒರೆಸಲು, ಬಿಸಿಲಿಗೆ ತಲೆಗೆ ಸುತ್ತಲು, ಎಲ್ಲಕ್ಕೂ ಅದೇ. ಆದರೆ ಅದರ ನಿಜವಾದ ಕರ್ತವ್ಯ ಸೀಟು ಹಿಡಿಯುವುದು. ಬಸ್ಸು ಇನ್ನೂ ತಿರುಗಿ ನಿಲ್ಲುವ ಮೊದಲೇ ಅದರ ಜೊತೆ ಓಡಿ, ಕಿಟಕಿಯೊಳಗೆ ಟವೆಲ್ ಎಸೆದರೆ ಅದು ಬಿದ್ದ ಜಾಗ ನಿಮ್ಮದು. ಬರೆದಿಟ್ಟ ಕಾಯ್ದೆ ಎಲ್ಲಿಯೂ ಇಲ್ಲ, ಆದರೂ ಮುರಿಯುವವರಿಲ್ಲ. ಹೊಲದ ಬದುವಿಗೆ ತಲೆ ಒಡೆದುಕೊಳ್ಳುವ ಅಣ್ಣತಮ್ಮಂದಿರು ಕೂಡ ಟವೆಲ್ ಬಿದ್ದ ಸೀಟನ್ನು ನೋಡಿ, "ಯಾರ್ದೋ ಅದ" ಎಂದು ಹಿಂದೆ ಸರಿಯುತ್ತಾರೆ. ಟವೆಲ್ ಇಲ್ಲದವರು ಕರವಸ್ತ್ರ, ಪೇಪರು, ಕೊಡೆ ಎಸೆಯುತ್ತಾರೆ. ಒಬ್ಬ ತಾಯಿ ಕೂಸನ್ನೇ ಕಿಟಕಿಯಿಂದ ಇಳಿಬಿಟ್ಟು ಸೀಟು ಹಿಡಿದದ್ದನ್ನು ನಾನು ಕಂಡಿದ್ದೇನೆ. ಕೂಸು ಅಳದೆ, ಜವಾಬ್ದಾರಿ ಅರಿತ ಹಾಗೆ ಅಗಲವಾಗಿ ಕುಳಿತಿತ್ತು.

ಅವತ್ತೂ ಹಾಗೆಯೇ ಓಡಿ ಎಸೆದೆ, ಸೀಟು ಸಿಕ್ಕಿತು. ಮಹಾದೇವಿ ಬುತ್ತಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಕುಳಿತಳು. ಇನ್ನೂ "ನಾ ಯಾದಗೀರಿಗೆ ಹೊಂಟಿದ್ದು ಬಳಿ ಇಡಿಸ್ಕೊಳ್ಳಾಕ" ಎಂದೇ ಹೇಳುತ್ತಿದ್ದಳು. ಬಳೆ ಇಡಿಸಿಕೊಳ್ಳಲು ಹೋಗುವವರು ಬುತ್ತಿ ಯಾಕೆ ಒಯ್ಯುತ್ತಾರೆ ಎಂದು ನಾನು ಕೇಳಲಿಲ್ಲ. ನಿವೃತ್ತಿಯ ನಂತರ ನಾನು ಕಲಿತ ಗಣಿತದಲ್ಲಿ ಇದೂ ಒಂದು.

ಶಹಾಪುರ ಬಂತು. ಗುಡ್ಡದ ಸಾಲಿನಲ್ಲಿ ಬುದ್ಧ ಎಂದಿನಂತೆ ಅಂಗಾತ ಮಲಗಿದ್ದ. ಆ ದಿನ ಇಡೀ ಜಿಲ್ಲೆಯಲ್ಲಿ ತಳಮಳ ಇಲ್ಲದವನೆಂದರೆ ಅವನೊಬ್ಬನೇ ಎನ್ನಿಸಿತು. ಶಹಾಪುರ ದಾಟಿ ಸ್ವಲ್ಪ ಮುಂದೆ ಹೋಗಿದ್ದೇವೆ, ಬಸ್ಸು ನಿಂತಿತು. ರಸ್ತೆಯ ತುಂಬ ಕುರಿ. ಹಿಂದೆ ಕಂಬಳಿ ಹೊದ್ದ ಕುರಿಗಾರ, ಅವನ ಹೆಂಡತಿಯ ಕಂಕುಳಲ್ಲಿ ಆಗತಾನೇ ಹುಟ್ಟಿದ ಮರಿ. ಡ್ರೈವರ್ ಹಾರ್ನು ಒತ್ತಿದಷ್ಟೂ ಕುರಿಗಳು ರಸ್ತೆಯ ನಡುವೆಯೇ ಒತ್ತಿಕೊಂಡವು. ಮಹಾದೇವಿ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದಳು.

"ಯಪ್ಪಾ, ಕುರಿ ಜಲ್ದಿ ಹೊಡಿಯೋ. ನಮ್ಮ ಅಕ್ಕ ಹೊಂಟಾಳ ರೈಲಿನ್ಯಾಗ."

ಕುರಿಗಾರ ಶಾಂತನಾಗಿ ಬಸ್ಸಿನ ಕಡೆ ನೋಡಿದ. "ಕುರಿಗೇನ್ ಗೊತ್ತಾಗ್ತದ್ರಿ ಯವ್ವಾ ಅಕ್ಕ ತಂಗಿ" ಎಂದ.

ಇಡೀ ಬಸ್ಸು ನಕ್ಕಿತು. ನಕ್ಕ ಮೇಲೆ ಇಡೀ ಬಸ್ಸಿಗೆ ನಮ್ಮ ಅಕ್ಕನ ಸಮಾಚಾರ ಗೊತ್ತಾಯಿತು. ಯಾವ ರೈಲು, ಎಷ್ಟೊತ್ತಿಗೆ, ಎಂದು ವಿಚಾರಣೆ ಶುರುವಾಯಿತು. ಹಿಂದಿನ ಸೀಟಿನ ಮುದುಕಿ, "ಡ್ರೈವರಪ್ಪಾ, ಸ್ವಲ್ಪ ಹೊಡಿಯೋ, ಅಕ್ಕ ತಂಗಿ ಭೆಟ್ಟಿ ಆಗ್ಲಿ" ಎಂದಳು. ಬಳೆಯ ಕಥೆ ಅಲ್ಲಿಗೆ ಮುಗಿಯಿತು. ಭೀಮಾ ಸೇತುವೆ ಬಂದಾಗ ಮಹಾದೇವಿ ನನ್ನ ಕೈ ಹಿಡಿದುಕೊಂಡಳು. "ಅಕಿ ನನ್ನ ನೋಡಿ ಮಕ ತಿರುವಿದ್ರ?" ಎಂದಳು. ನನಗೂ ಅದೇ ಭಯವಿತ್ತು.

ಯಾದಗಿರಿ ಸ್ಟೇಷನ್ನಿಗೆ ರೈಲಿಗಿಂತ ಸ್ವಲ್ಪವೇ ಮುಂಚೆ ಮುಟ್ಟಿದೆವು. ಈಗ ಪ್ಲ್ಯಾಟ್‌ಫಾರ್ಮಿನ ಮೇಲೆ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ. ಮಹಾದೇವಿ ನಡುವೆ, ಚಹಾ ಅಂಗಡಿಯ ಮುಂದೆ ನಿಂತುಬಿಟ್ಟಳು. "ಇಲ್ಲೇ ನಿಂದರೋಣ್ರಿ. ಎತ್ತಾಗ ಬಂದ್ರೂ ಅರ್ಧಾನೇ ಓಡೋದು ಬರ್ತದ."

ನಾನು ಒಪ್ಪಲಿಲ್ಲ. ಬೋಗಿಗಳ ಕ್ರಮವನ್ನು ಮೊಬೈಲಿನಲ್ಲಿ ನೋಡಿ ಲೆಕ್ಕ ಹಾಕಿದ್ದೆ, ನೀಲಕ್ಕನ ಬೋಗಿ ಕಟ್ಟಕಡೆಗೆ ಬರಬೇಕು. ಮಹಾದೇವಿಯ ಚೀಲವನ್ನೂ ಕಸಿದುಕೊಂಡು ಹಿಂದಿನ ತುದಿಗೆ ಕರೆದೊಯ್ದೆ. ಈಗ ಕುಳಿತು ಯೋಚಿಸಿದರೆ ತಮಾಷೆ ಎನ್ನಿಸುತ್ತದೆ. ಅಳು ಒತ್ತರಿಸಿ ಬರುತ್ತಿದ್ದವಳು ಹೇಳಿದ್ದು ಶುದ್ಧ ಲೆಕ್ಕ. ಲೆಕ್ಕ ಹಾಕಿದ್ದೇನೆ ಎಂದವನು ಹಿಡಿದಿದ್ದು ಶುದ್ಧ ಹಟ. ಭಾವನೆ ಯಾವುದು, ಬುದ್ಧಿ ಯಾವುದು ಎಂದು ಹಣೆಯ ಮೇಲೆ ಬರೆದಿರುವುದಿಲ್ಲ, ಒಮ್ಮೊಮ್ಮೆ ಒಂದರ ಅಂಗಿಯನ್ನು ಇನ್ನೊಂದು ಹಾಕಿಕೊಂಡು ಬರುತ್ತದೆ.

ರೈಲು ಬಂತು. ಎಂಜಿನ್ನು ನಮ್ಮನ್ನು ದಾಟಿತು. ಅದರ ಹಿಂದೆಯೇ, ಮೂರನೆಯದೋ ನಾಲ್ಕನೆಯದೋ, ನೀಲಕ್ಕನ ಬೋಗಿ ನಮ್ಮ ಕಣ್ಣ ಮುಂದೆಯೇ ದಡದಡನೆ ಓಡಿಹೋಯಿತು. ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಹೊರಗೆ ಯಾರನ್ನೋ ಹುಡುಕುತ್ತಿದ್ದ ನೀಲಕ್ಕನನ್ನು ನಾವಿಬ್ಬರೂ ಕಂಡೆವು. ಮಗಳು ಆ ಕಡೆಗೂ ಚಾಡಿ ಹೇಳಿದ್ದಳು.

ಮಹಾದೇವಿ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಓಡಿದಳು. ಮೊಣಕಾಲು ನೋವೆಂದು ದೇವರ ಮುಂದೆ ಕೂಡ ಕುರ್ಚಿ ಹಾಕಿಕೊಂಡು ಕೂರುವವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಣಿಚೀಲ ದಾಟಿ, ಮಲಗಿದ್ದ ನಾಯಿ ದಾಟಿ ಓಡಿದಳು. ನಾನೂ ಓಡಿದೆ. ಸುತ್ತ ಹತ್ತುವವರು, ಇಳಿಯುವವರು, ಗಂಟುಮೂಟೆ, ಕೂಗಾಟ. ಎದೆ ಡೊಳ್ಳಿನ ಹಾಗೆ ಬಡಿಯುತ್ತಿತ್ತು, ಮತ್ತು ಹೇಳಲೇಬೇಕು, ಬಹಳ ಖುಷಿಯಾಗಿತ್ತು. ಎಷ್ಟು ವರ್ಷವಾಗಿತ್ತು ನಾನು ಯಾವುದಾದರೂ ಒಂದಕ್ಕೆ ಹೀಗೆ ಓಡಿ.

ಕಿಟಕಿ ಸಿಕ್ಕಾಗ ರೈಲು ನಿಂತಿತ್ತು. ಅಕ್ಕ ಒಳಗೆ, ತಂಗಿ ಹೊರಗೆ, ನಡುವೆ ಸರಳು.

"ಎಷ್ಟ್ ಸೊರಗೀದಿಯಲ್ಲೇ ಮಾದೇವಿ" ಎಂದಳು ನೀಲಕ್ಕ.

"ನೀ ಏನ್ ತುಂಬಿ ತುಳಕಾಕತ್ತೀಯೇನು? ಹಿಡಿ ಇದನ್ನ. ರೊಟ್ಟಿ ಅವ, ಹೋಳಿಗಿ ಅವ. ಅಗಸಿ ಹಿಂಡಿ ಅದ. ಬಳ್ಳೊಳ್ಳಿ ಕಮ್ಮಿ ಹಾಕೀನಿ, ನಿನಗ ಎದಿ ಉರೀತದಲ್ಲ."

"ಬಳ್ಳೊಳ್ಳಿ ಇಲ್ಲಂದ್ರ ಅದೇನ್ ಹಿಂಡಿನೇ?"

ಚೀಲ ಸರಳುಗಳ ನಡುವೆ ಹಿಡಿಯಲಿಲ್ಲ. ಹೊರಗಿನಿಂದ ಇವಳು ಗಂಟು ಬಿಚ್ಚಿ ರೊಟ್ಟಿಯನ್ನು ನಾಲ್ಕು ನಾಲ್ಕಾಗಿ ತೂರಿಸುವುದು, ಒಳಗಿನಿಂದ ಅವಳು ಮಡಿಲಿಗೆ ಹಾಕಿಕೊಳ್ಳುವುದು. ಕಡಕ್ ರೊಟ್ಟಿ ಲಟಲಟ ಮುರಿಯುತ್ತಿದ್ದವು. ಎರಡು ವರ್ಷದ ಮಾತಿಗೆ ಎರಡು ನಿಮಿಷ ಸಿಕ್ಕಿತ್ತು, ಅದನ್ನೂ ರೊಟ್ಟಿಯೇ ತಿಂದುಹಾಕಿತು. ಮದುವೆಯ ಮಾತು ಬರಲಿಲ್ಲ, ಮೊಬೈಲಿನ ಮಾತು ಬರಲಿಲ್ಲ. ರೈಲು ಕೂಗಿದಾಗ ಮಹಾದೇವಿ ಸರಳು ಹಿಡಿದುಕೊಂಡಳು.

"ತಿರುಗಿ ಬರುವಾಗ ಇಲ್ಲಿ ಇಳಿಯೇ ಅಕ್ಕಾ. ಮನಿಗೆ ಬಾ."

ನೀಲಕ್ಕನೂ ಆ ಮನೆತನದ ಮಗಳೇ. "ಕಿಟಕ್ಯಾಗ ಕರದ್ರ ಕರದಂಗ ಆಗ್ತದೇನು?" ಎಂದುಬಿಟ್ಟಳು. ರೈಲು ಅವಳನ್ನು ಮುಂದಕ್ಕೆ ಎಳೆದುಕೊಂಡು ಹೋಯಿತು.

ಮಹಾದೇವಿ ಖಾಲಿ ಚೀಲ ಹಿಡಿದು ನಿಂತಿದ್ದಳು. ಎರಡು ವರ್ಷದ ಹಿಂದೆ ಇವಳು ಆಡಿದ ಮಾತೇ ರೈಲಿನ ಕಿಟಕಿಯಿಂದ ಇವಳಿಗೆ ತಿರುಗಿ ಬಂದಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಒರೆಸಲು ಕೊಡೋಣವೆಂದು ಹೆಗಲಿಗೆ ಕೈ ಹಾಕಿದೆ. ಹೆಗಲು ಖಾಲಿ ಇತ್ತು.

"ಟವೆಲ್ ಎಲ್ಲಿ?" ಎಂದಳು.

ಆಗ ನೆನಪಾಯಿತು. ಓಡಿ ಬಂದು ಕಿಟಕಿ ಮುಟ್ಟಿದೆನಲ್ಲ, ಆಗ ಸುತ್ತಲಿನ ಜನ ನೂಕಾಡಿಕೊಂಡು ಬಾಗಿಲಿಗೆ ಮುತ್ತಿದ್ದರು. ಕಿಟಕಿಯ ಒಳಗೆ ನೀಲಕ್ಕನ ಎದುರಿನ ಸೀಟು ಖಾಲಿ ಕಂಡಿತು. ಇಷ್ಟು ಸಾಕಾಯಿತು ನನ್ನ ಕೈಗೆ. ನಾವು ಹತ್ತುವವರಲ್ಲ, ಟಿಕೆಟ್ಟಿಲ್ಲ, ಇದು ಬಸ್ಸೂ ಅಲ್ಲ ಎಂದು ತಲೆ ಹೇಳುವಷ್ಟರಲ್ಲಿ ಕೈ ಟವೆಲ್ಲನ್ನು ಮುದುಡಿ ಸರಳಿನ ನಡುವೆ ತೂರಿ ಸೀಟು ಹಿಡಿದಾಗಿತ್ತು.

ಇದನ್ನು ಹೇಳಿದಾಗ ಮಹಾದೇವಿ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. "ಎಲ್ಲಾನೂ ಇಚಾರ ಮಾಡಿ ಮಾಡಾವ್ರು ನೀವು" ಎಂದಷ್ಟೇ ಹೇಳಿದಳು. ಆಮೇಲೆ ಅಳುತ್ತಿದ್ದವಳಿಗೆ ನಗು ಬಂತು. ಸೆರಗಿನಿಂದಲೇ ಕಣ್ಣು ಒರೆಸಿಕೊಂಡಳು. ಚಹಾ ಅಂಗಡಿಯ ಮುಂದೆ ನಿಂತು ಇಬ್ಬರೂ ಸಕ್ಕರೆ ಹಾಕಿದ ಚಹಾ ಕುಡಿದೆವು.

ತಿರುಗಿ ಬರುವ ಬಸ್ಸಿನಲ್ಲಿ ಎಸೆಯಲು ಏನೂ ಇಲ್ಲದ್ದರಿಂದ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದೆವು. ಭೀಮಾ ಸೇತುವೆಯ ಮೇಲೆ ಮಹಾದೇವಿಯ ಫೋನು ರಿಂಗಾಯಿತು. ಎರಡು ವರ್ಷದಿಂದ ಆ ಹೆಸರು ಆ ಪರದೆಯ ಮೇಲೆ ಮೂಡಿರಲಿಲ್ಲ. ಬಸ್ಸಿನ ಸದ್ದಿಗೆ ಅವಳು ಸ್ಪೀಕರ್ ಹಾಕಿದ್ದರಿಂದ ಅರ್ಧ ಬಸ್ಸಿಗೆ ಕೇಳಿಸಿತು.

"ಮಾದೇವಿ, ಮಾಸ್ತರ್ರ ಟವೆಲ್ ನನ್ನ ಎದುರಿನ ಸೀಟಿನ ಮ್ಯಾಲ ಬಿದ್ದದಲ್ಲೇ. ವಾಡಿ ಸ್ಟೇಷನ್ ಬಂತು. ಯಾರ್ಯಾರೋ ಕುಂದ್ರಾಕ ಬಂದ್ರು, ಟವೆಲ್ ಅದ, ಮಂದಿ ಬರ್ತಾರ ಅಂತ ಹೇಳಿ ಒಬ್ಬರಿಗೂ ಕುಂದ್ರಗೊಟ್ಟಿಲ್ಲ."

"ಯಾರ್ ಬರ್ತಾರಬೇ ಅಕ್ಕಾ? ಅವ್ರು ಇಲ್ಲೇ ನನ್ನ ಬಾಜೂಕ ನಿಂತಾರ."

"ಅದು ನನಗೂ ಗೊತ್ತದ. ಆದ್ರ ಟವೆಲ್ ಹಾಕ್ಯಾರಲ್ಲ. ಮಂದಿ ಟವೆಲ್ ಇಟ್ಕೊಳ್ಳೋ ಮನೆತನ ಅಲ್ಲ ನಮ್ದು. ತಿರುಗಿ ಬರುವಾಗ ಯಾದಗೀರಿನ್ಯಾಗ ಇಳಿದು, ಮನಿತನಕ ಬಂದು ಕೊಟ್ಟು ಹೋಗ್ತೀನಿ. ಟವೆಲ್ ಕೊಡಾಕ ಮತ್ತ. ನೀ ಕರದೀ ಅಂತಲ್ಲ."

"ಬಾ, ಬಾ. ಟವೆಲ್ ಕೊಡಾಕೇ ಬಾ" ಎಂದಳು ಮಹಾದೇವಿ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ಪಕ್ಕದ ಸೀಟಿನವನು ಸುಮ್ಮನೆ ಎದ್ದು ಅವಳಿಗೆ ಜಾಗ ಬಿಟ್ಟುಕೊಟ್ಟ.

ನಾನು ಆಗಿನಿಂದ ಯೋಚಿಸುತ್ತಲೇ ಇದ್ದೇನೆ. ಎರಡು ವರ್ಷ ನನ್ನ ತರ್ಕಕ್ಕೆ ಅಲುಗದ ಅಕ್ಕತಂಗಿಯರು, ನನ್ನ ಒಂದು ಪೆದ್ದುತನಕ್ಕೆ ಅಲುಗಿದರು. ಹಾಗಾದರೆ ಬುದ್ಧಿ ಬೇಡವೇ? ಬೇಕು. ನೀಲಕ್ಕನಿಗೆ ಬರುವ ಮನಸ್ಸು ಯಾವಾಗಲೋ ಇತ್ತು, ಮರ್ಯಾದೆ ಕಳೆದುಕೊಳ್ಳದೆ ಬರಲು ಒಂದು ಕಾರಣ ಬೇಕಾಗಿತ್ತು ಅಷ್ಟೆ. ಬುದ್ಧಿಯ ಕೆಲಸ ಬಹುಶಃ ಇದೇ ಇರಬೇಕು. ಮನಸ್ಸು ಮುಂಚೆಯೇ ಓಡಿಹೋಗಿ ಹಿಡಿದ ಜಾಗಕ್ಕೆ, ಹಿಂದಿನಿಂದ ನಿಧಾನವಾಗಿ ಬಂದು, ಇದು ನಮ್ಮದೇ ಎಂದು ಸಾಕ್ಷಿ ಹೇಳುವುದು. ಮಿರ್ಚಿಯ ವಿಷಯದಲ್ಲಿ ಅದು ಮಾಡುವುದೂ ಇದನ್ನೇ, ಆದರೆ ಅದನ್ನು ಇಲ್ಲಿ ಎತ್ತುವುದು ಬೇಡ.

ಸುಧಾಳಿಗೆ ಹೆಣ್ಣು ಕೂಸು ಹುಟ್ಟಿದೆ. ಅಕ್ಕತಂಗಿಯರು ಈಗ ದಿನಕ್ಕೆ ಎರಡು ಸಲ ಮಾತಾಡುತ್ತಾರೆ, ನಮ್ಮ ಸಾರಿಗೆ ಉಪ್ಪು ಸರಿಯಾಗಿದೆ. ನನ್ನ ಹೆಗಲು ಮಾತ್ರ ಬೋಳಾಗಿದೆ. ಸುರಪುರದ ಪೇಟೆಯಲ್ಲಿ ಅಂಥದೇ ಕೆಂಪಂಚಿನ ಟವೆಲ್ಲುಗಳು ಅಂಗಡಿಯ ಮುಂದೆಯೇ ತೂಗಾಡುತ್ತವೆ. ಒಂದು ಕೊಂಡರೆ ಬಸ್ಸಿನಲ್ಲಿ ನಿಲ್ಲುವುದು ತಪ್ಪುತ್ತದೆ ಎಂದು ಬುದ್ಧಿ ದಿನವೂ ಹೇಳುತ್ತದೆ. ನಾನು ಕೊಳ್ಳುತ್ತಿಲ್ಲ. ಹೊಸದು ಬಂದಿದೆ ಎಂದು ಗೊತ್ತಾದರೆ ಹಳೆಯದನ್ನು ತರುವ ಅವಸರ ನೀಲಕ್ಕನಿಗೆ ಎಲ್ಲಿರುತ್ತದೆ? ಮಹಾದೇವಿ ಕುಂಕುಮದ ಭರಣಿ ತೊಳೆದು ತುಂಬಿಸಿ, ಒಂದು ಒಳ್ಳೆಯ ಕಾಯಿ ಆರಿಸಿ ಪಕ್ಕದಲ್ಲಿ ಇಟ್ಟಿದ್ದಾಳೆ. ಅಕ್ಕ ಇಳಿಯುತ್ತಿದ್ದ ಹಾಗೆ ಪ್ಲ್ಯಾಟ್‌ಫಾರ್ಮಿನ ಮೇಲೆಯೇ ಹಣೆಗೆ ಹಚ್ಚಿ ಕರೆಯುವುದೆಂದು ತೀರ್ಮಾನವಾಗಿದೆ. ಬೋಗಿ ಎಲ್ಲಿ ಬರುತ್ತದೆ ಎಂದು ನಾನು ಲೆಕ್ಕ ಹಾಕುವುದಿಲ್ಲ. ಇಬ್ಬರೂ ನಡುವೆ, ಚಹಾ ಅಂಗಡಿಯ ಮುಂದೆಯೇ ನಿಲ್ಲುತ್ತೇವೆ. ಎತ್ತ ಬಂದರೂ ಅರ್ಧ ದಾರಿ ಓಡಿದರಾಯಿತು, ಉಳಿದರ್ಧ ಅವಳು ಓಡಿ ಬರುತ್ತಾಳೆ.